ಊದ್ರಿ, ಇನ್ನೂ ಊದ್ರಿ

ಹುಬ್ಬಳ್ಳಿ, ದೊಡ್ಡ ದವಾಖಾನೆ, ಎದೆಯ ವಿಭಾಗ,
ಮೂರನೇ ಬಾಗಿಲು. ನನ್ನ ಕೆಲಸ ಊದಿಸುವುದು.
ಮೂಗಿಗೊಂದು ಚಿಮಟಿ, ಬಾಯಿಗೊಂದು ರಟ್ಟಿನ ಕೊಳವೆ,
ಪರದೆಯ ಮೇಲೆ ಏರಿ ಇಳಿಯುವ ಹಸಿರು ಗೆರೆ.
ಹನ್ನೊಂದು ವರ್ಷದಿಂದ ಕೂಗುತ್ತಿದ್ದೇನೆ:
ಎಳಕೋರಿ, ಎಳಕೋರಿ, ಹಿಡೀರಿ, ಊದ್ರಿ,
ಇನ್ನೂ ಊದ್ರಿ, ಬಿಡಬ್ಯಾಡ್ರಿ, ಐತಿ, ಒಳಗ ಇನ್ನೂ ಐತಿ!
ಹೊರಗೆ ಬಾಕಿನ ಮೇಲೆ ಕೂತವರು
ಒಳಗೆ ಹೆರಿಗೆ ನಡೆದಿದೆ ಎಂದುಕೊಳ್ಳುತ್ತಾರೆ.

ಬಂದವರು ಯಾರೂ ಮೊದಲಿಗೆ ಉಸಿರು ಎನ್ನುವುದಿಲ್ಲ.
ಬ್ಯಾಡಗಿಯ ಹಜರತಬಿ, ಮೆಣಸಿನಕಾಯಿ ತೊಟ್ಟು ಬಿಡಿಸುವಾಕೆ:
ದಮ್ಮು ಹತ್ತತೈತ್ರಿ ಅಕ್ಕಾರ.
ದಮ್ಮು. ಬೀಡಿಯಿಂದ ಎಳೆಯುವುದೂ ಅದನ್ನೇ,
ಜಗಳದಲ್ಲಿ ಇದ್ದರೆ ಬಾ ಎನ್ನುವುದೂ ಅದಕ್ಕೇ.
ಕುಂದಗೋಳದ ಮುದುಕ ತೇಕು ಎಂದ,
ಶಿರಹಟ್ಟಿಯ ಮಾಸ್ತರು ಅಚ್ಚುಕಟ್ಟಾಗಿ ಉಬ್ಬಸ.
ಒಬ್ಬಾಕೆ ಏನೂ ಎನ್ನಲಿಲ್ಲ, ಎದೆಗೆ ಅಂಗೈ ಇಟ್ಟು
ತೆರೆಯದ ಬಾಗಿಲನ್ನು ನೂಕುವ ಹಾಗೆ ನೂಕಿ ತೋರಿಸಿದಳು.
ಕಾಗದದಲ್ಲಿ ಎಲ್ಲರಿಗೂ ಒಂದೇ ಇಂಗ್ಲಿಷ್ ಹೆಸರು ಬರೆಯುತ್ತೇನೆ.

ಹೋದ ಮಾಘದಲ್ಲಿ ಐರ್ಲೆಂಡಿನ ಹುಡುಗಿಯೊಬ್ಬಳು,
ಗ್ರಾನ್ಯ, ಧಾರವಾಡಕ್ಕೆ ಸಿತಾರ ಕಲಿಯಲು ಬಂದವಳು,
ರಸ್ತೆಯ ಧೂಳು ಕುಡಿದು ನನ್ನ ಸ್ಟೂಲಿಗೆ ಬಂದಳು.
ಎಳಕೋರಿ ಎಂದೆ. ಏನನ್ನು? ಉಸಿರು.
ನಕ್ಕಳು. ಅವಳ ಅಜ್ಜಿಯೂ ಎಳೆಯುತ್ತಿದ್ದಳಂತೆ,
ಬಾವಿಯ ನೀರಿಗೂ ಉಸಿರಿಗೂ ಅವರಲ್ಲಿ ಒಂದೇ ಕ್ರಿಯಾಪದ.
ರಿಪೋರ್ಟಿನ ಬೆನ್ನಿಗೆ ನನ್ನಿಂದಲೇ ಬರೆಸಿದಳು: ಅನಾಲ್.
ಕೊನೆಯ ಅಕ್ಷರ ಮೆತ್ತಗಾಗಬೇಕು,
ಅರ್ಧ ಯಕಾರ ನುಂಗಿದ ಹಾಗೆ.
ಅದರ ಪಕ್ಕದ ಮನೆಯಲ್ಲೇ ಅನಮ್, ಆತ್ಮ.
ಗಾಳಿಗೆ ನಾವು ಅನಿಲ ಎನ್ನುತ್ತೇವೆ ಎಂದರೆ ಕಣ್ಣರಳಿಸಿದಳು.
ಗ್ಯಾಸಿನ ಸಿಲಿಂಡರಿಗೂ ಅದೇ ಎಂದು ನಾನು ಹೇಳಬಾರದಿತ್ತು.

ಒಬ್ಬರ ಪ್ರಭಾವಕ್ಕೆ ಸಿಕ್ಕರೆ ಅವರ ಭಾಷೆಯಲ್ಲಿ
ಅವರ ಉಸಿರಿನ ಕೆಳಗೆ ಇರುವುದಂತೆ.
ನಾನೂ ಬಿಡಲಿಲ್ಲ. ನಮ್ಮಲ್ಲಿ ಉಸಿರು ಆಡುತ್ತೇವೆ ಎಂದೆ,
ಚಿಣಿಪಣಿ ಆಡಿದ ಹಾಗೆ, ಸುಳ್ಳು ಆಡಿದ ಹಾಗೆ.
ಗುಟ್ಟಿದ್ದರೆ ಮಾತ್ರ ಯಾರ ಮುಂದೂ ಉಸುರುವುದಿಲ್ಲ.
ಅವಳ ಗೆರೆ ಛಲೋ ಇತ್ತು. ಬರೀ ಧೂಳು.

ಇವತ್ತು ಬೆಟಗೇರಿಯ ತುಳಜಾಸಾ ಬಾಕಳೆ.
ಗದಗಿನ ಛಾಪಖಾನೆಯಲ್ಲಿ ನಲವತ್ತು ವರ್ಷ ಮೊಳೆ ಜೋಡಿಸಿದವರು,
ಹೆಬ್ಬೆರಳು ಈಗಲೂ ಗಾಳಿಯಲ್ಲಿ ಅಕ್ಷರ ತಡಕುತ್ತದೆ.
ಮೂರು ಸಲ ಊದಿದರು. ಮೂರು ಸಲವೂ ಗೆರೆ
ಅರ್ಧ ಏರಿ ಮೊಳಕಾಲೂರಿತು.
ಕಾಗದವನ್ನು ತಲೆಕೆಳಗೆ ಹಿಡಿದು ಓದಿದರು, ಕಸುಬಿನ ರೂಢಿ.

"ಲಗ್ನದ ಹಂಗಾಮಿನಾಗ ಖಾನೇದಾಗಿನ ಧ ತೀರತಿದ್ದವು, ಭ ತೀರತಿದ್ದವು.
ಸರುವೊತ್ತಿನ್ಯಾಗ ಎಲ್ಲಿಂದ ತರೋದ್ರಿ? ಇದ್ದದ್ದು ಹಾಕಿ ಹೊಡೀತಿದ್ದೆ.
ಶುಬ ವಿವಾಹ. ದಾರವಾಡ.
ಯಾರೂ ಕೇಳಲಿಲ್ಲ. ಬೀಗರು ಬಂದು ಮುಟ್ಟಿದರು, ಉಂಡು ಹೋದರು."
ಕೊಳವೆ ಒರೆಸಿ ಮೇಜಿನ ಮೇಲಿಟ್ಟರು.
"ಈಗೂ ಹಂಗ ನೋಡ್ರಿ. ಮಹಾಪ್ರಾಣ ತೀರ್ಯಾವ.
ಅಲ್ಪಪ್ರಾಣದಾಗ ನಡಸ್ತೀನಿ."

ಏನು ಹೇಳಲಿ. ಔಷಧದ ಪಂಪು ಹಿಡಿಯುವುದು ತೋರಿಸಿದೆ,
ಒತ್ತುವುದು, ಎಳೆಯುವುದು, ಹತ್ತು ಎಣಿಸುವುದು.
ಆರಕ್ಕೇ ಬಿಟ್ಟರು. ಬಿಟ್ಟು, ಸಾವರಿಸಿಕೊಂಡು ಕೇಳಿದರು,
ಈ ಕೊಳವಿ ಒಯ್ಯಲೇನ್ರಿ, ಮೊಮ್ಮಗಳು ಪೀಪಿ ಮಾಡತಾಳ.
ಊದಿದ್ದನ್ನು ಕೊಡುವಂತಿಲ್ಲ.
ಡಬ್ಬಿಯಿಂದ ಹೊಸದೊಂದು ತೆಗೆದುಕೊಟ್ಟೆ.
ಸ್ಟಾಕಿನ ಲೆಕ್ಕ ಒಂದು ತಪ್ಪಿತು. ತಪ್ಪಲಿ.

ಬಾಗಿಲು ಹಾಕುವ ಮೊದಲು ರಿಜಿಸ್ಟರು ತುಂಬಲು ಕೂತೆ,
ಅವರ ಉಸಿರಿನ ಕೆಳಗೇ ಇನ್ನೂ.
ಹೆಸರು, ವಯಸ್ಸು, ಊರು.
ಬೆಟಗೇರಿ ಎಂದು ಬರೆದು ಒಂದು ಗಳಿಗೆ ನೋಡಿದೆ.
ಒಂದೂ ಮಹಾಪ್ರಾಣ ಬೇಡದ ಊರು.